ನಿರ್ಜನದ್ವೀಪದ ಬಿತ್ತನೆ



ಈ ಮಹೋತ್ಸವದಲ್ಲಿ ಪರಿಶ್ರಮವನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದಷ್ಟೆ. ಅದಕ್ಕಾಗಿ ಪರದೇಶದ ಕಥೆಯೊಂದನ್ನೆತ್ತಿಕೊಂಡಿರುವೆನು.

ಆಂಗ್ಲ ಗ್ರಂಥಕರ್ತನಾದ ಡೇನಿಯಲ್ ಡೀಫೋ 1719ರಲ್ಲಿ ಪ್ರಕಟಿಸಿದ ‘ರಾಬಿನ್ಸನ್ ಕ್ರೂಸೋ’ ಕನ್ನಡಕ್ಕೂ ಬಂದಿರುವ ಕಥೆ. ಹಡಗೊಡೆದು, ಸಂಗಾತಿಗಳೆಲ್ಲರೂ ಮುಳುಗಿ, ಏಕಾಕಿಯಾಗಿ ದ್ವೀಪವನ್ನು ಸೇರಿದ ಕ್ರೂಸೋ ಅಲ್ಲಿ 28 ವರ್ಷ ಬಾಳಿದನು. ಮನೆ ಕಟ್ಟಿದುದು, ಆಡು ಸಾಕಿದುದು, ಚರ್ಮದ ಕೊಡೆ ಮಾಡಿದುದು, ಇವನ್ನೇ ಎಲ್ಲರೂ ಹೊಗಳುವರು. ನನ್ನ ಮನಸ್ಸು ನಿಲ್ಲುವ ಎಡೆ ಬೇರೆ.

ಕೋಳಿಮೇವಿನ ಹಳೆಯ ಚೀಲವೊಂದರಲ್ಲಿ ಬರಿಯ ಹೊಟ್ಟಿದೆಯೆಂದು ಭಾವಿಸಿ ಆತನು ಬಂಡೆಯ ಬುಡದಲ್ಲಿ ಕೊಡಹಿದನು. ಮಳೆ ಬಿದ್ದ ಬಳಿಕ ಅಲ್ಲಿ ಜವೆಗೋದಿಯ ಹತ್ತು ಹನ್ನೆರಡು ತೆನೆಗಳು ಕಾಣಿಸಿದುವು. ದೇವರ ಪವಾಡವೆಂದು ಕಣ್ಣೀರಿಟ್ಟವನಿಗೆ, ಚೀಲ ಕೊಡಹಿದ ನೆನಪಾದೊಡನೆ ಭಕ್ತಿ ತುಸು ತಣ್ಣಗಾಯಿತಂತೆ! ಕಾಳುಗಳನ್ನು ಮಾತ್ರ ಒಂದೂ ಬಿಡದೆ ಎತ್ತಿಟ್ಟನು. ಮೊದಲ ಬಿತ್ತನೆಯಲ್ಲಿ ಹದ ತಪ್ಪಿತು. ಆ ಸೀಮೆಯ ಮಳೆಗಾಲವನ್ನರಿಯದೆ ಒಣಗಾಲದ ಮುಂದೆ ಬಿತ್ತಿದ್ದನು. ಆದರೆ ಮೂರರಲ್ಲೊಂದು ಪಾಲನ್ನು ಉಳಿಸಿಕೊಂಡಿದ್ದನು. ಆ ಪಾಲೇ ಅವನನ್ನು ಕಾಯ್ದುದು. ನಾಲ್ಕನೆಯ ವರ್ಷದವರೆಗೆ ಆ ಧಾನ್ಯದ ಒಂದು ಕಾಳನ್ನೂ ಆತನು ಬಾಯಿಗಿಡಲಿಲ್ಲ.

ಇದರ ಬೆಲೆ ಮಳೆಯನ್ನೇ ನಂಬಿದ ನಮ್ಮ ಹೊಳಲ್ಕೆರೆಯ ಸೀಮೆಯವರಿಗೆ ತಿಳಿಯದೆ? ರಾಗಿ ನವಣೆಗಳ ಬಿತ್ತನೆಯ ಕಾಳನ್ನು ಬೂದಿ ಬೆರೆಸಿ ಗುಡಾಣದಲ್ಲಿ ಮುಚ್ಚಿಡುವ ಕೈಗಳಿಗೆ ಅದು ತಿಳಿದೇ ಇದೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನರು ಅಳಿದರು. ಅಂಥ ಕಾಲದಲ್ಲಿ ಬೀಜದ ಕಾಳನ್ನು ಬೇಯಿಸುವುದೋ ಉಳಿಸುವುದೋ? ಕ್ರೂಸೋವಿಗೆ ಆಡಿನ ಮಾಂಸ, ಆಮೆಯ ಮೊಟ್ಟೆ, ಒಣದ್ರಾಕ್ಷಿಗಳಾದರೂ ಇದ್ದುವು. ಬರದ ಮನೆಯಲ್ಲಿ ಅವೊಂದೂ ಇರಲಿಲ್ಲ. ಆದುದರಿಂದ ಬರದಲ್ಲಿಯೂ ಬೀಜವನ್ನುಳಿಸಿದವರ ತಾಳ್ಮೆ ಅವನ ತಾಳ್ಮೆಗಿಂತ ಹಿರಿದೆಂದೇ ನನ್ನ ಎಣಿಕೆ.

ಇನ್ನು, ಎಲ್ಲವನ್ನೂ ಒಬ್ಬನೇ ಮಾಡಿದನೆಂಬ ಮಾತು. ಒಂದು ಹಲಗೆ ಮಾಡಲು ಅವನಿಗೆ 42 ದಿನ ಹಿಡಿಯಿತು. ಗರಗಸವಿದ್ದ ಇಬ್ಬರು ಅದೇ ಮರದಿಂದ ಅರ್ಧ ದಿನದಲ್ಲಿ ಆರು ಹಲಗೆ ಕೊಯ್ಯುತ್ತಿದ್ದರೆಂದು ಅವನೇ ಹೇಳುವನು. ಕೊಡಲಿ ಬಾಚಿಗಳೂ ಒಡೆದ ಹಡಗಿನಿಂದ ತಂದುವು. ಹಡಗು ಹೊರಟಿದ್ದುದಾದರೋ ಗುಲಾಮರನ್ನು ತರಲು. ಮುಂದೆ ದೊರೆತ ಸಂಗಾತಿಗೆ ಮೊದಮೊದಲು ಕಲಿಸಿದ ಮಾತುಗಳಲ್ಲಿ ‘ಒಡೆಯ’ ಎಂಬುದೊಂದು. ಆತನ ದುಡಿಮೆಯನ್ನು ಮೆಚ್ಚುವೆನು, ಇದನ್ನು ಮೆಚ್ಚಲಾರೆನು.

ಬೆಳೆದ ಕಾಳನ್ನು ತುಂಬಲು ಚೀಲವಿಲ್ಲದೆ ಆತನು ಬುಟ್ಟಿಗಳನ್ನು ಹೆಣೆದನು. ಆ ವಿದ್ಯೆಯನ್ನು ದ್ವೀಪದಲ್ಲಿ ಕಲಿತುದಲ್ಲ. ಬಾಲ್ಯದಲ್ಲಿ ತನ್ನೂರಿನ ಬುಟ್ಟಿ ಹೆಣೆಯುವವರ ಬಳಿ, ನಮ್ಮ ಮಕ್ಕಳು ಮೇದರ ಮನೆಯ ಮುಂದೆ ನಿಲ್ಲುವಂತೆ ನಿಂತು, ನೋಡುತ್ತ, ಆಗಾಗ ಕೈಗೂಡಿಸುತ್ತ ಕಲಿತುದು.