ಹುಡುಕದೆ ಸಿಕ್ಕ ವಚನ



ಬೆಂಗಳೂರಿನ ಕೆ.ಆರ್. ಪುರದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ದೀಪ ಹೊತ್ತುವುದು ಅಡುಗೆಮನೆಯಲ್ಲಿ. ಹಾಲು ಒಲೆಗಿಟ್ಟು, ಅದು ಕಾಯುವಷ್ಟರಲ್ಲಿ ಅಮ್ಮ ಸತ್ಯವೇದ ತೆರೆಯುತ್ತಾರೆ. ಬೆನ್ನು ಕಿತ್ತುಬಂದ ಪುಸ್ತಕ, ಸುತ್ತ ಒಂದು ರಬ್ಬರ್‌ಬ್ಯಾಂಡು, ಗುರುತಿಗೆ ಹಳೆಯ ಕರೆಂಟ್ ಬಿಲ್ಲು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದುತ್ತಾರೆ. ನಿನ್ನೆ ನಿಲ್ಲಿಸಿದ ಕಡೆಯಿಂದ ಇವತ್ತು. ಬೇಕಾದ ವಚನ ಹುಡುಕಿಕೊಂಡು ಹೋಗುವ ಅಭ್ಯಾಸ ಅವರಿಗಿಲ್ಲ. ವಂಶಾವಳಿ ಎದುರಾದರೆ ಆ ಹೆಸರುಗಳನ್ನೂ ಒಂದೊಂದಾಗಿ ಓದಿಯೇ ಮುಂದೆ ಹೋಗುತ್ತಾರೆ.

ನಮ್ಮ ಅನೇಕ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು ತೆಗೆಯುವ ರೂಢಿ ಇದೆ. ಕೈಗೆ ಬಂದ ಕಾರ್ಡಿನಲ್ಲಿರುವ ವಚನ ಆ ವರ್ಷಕ್ಕೆಲ್ಲ ಆಸರೆ. ಆಸ್ಪತ್ರೆಯ ದಿಂಬಿನಡಿ ಅದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಧೈರ್ಯ ಹಿಡಿದವರನ್ನು ಕಂಡಿದ್ದೇನೆ. ಆ ಕಾರ್ಡನ್ನು ಹಗುರವಾಗಿ ಕಾಣಲಾರೆ. ಆದರೆ ಅದರಲ್ಲಿ ಬರುವುದು ನಮ್ಮನ್ನು ಸಂತೈಸುವ ಮಾತು ಮಾತ್ರ. ನಮ್ಮನ್ನು ತಿದ್ದುವ ಮಾತು ಸಿಗಬೇಕಾದರೆ ಅಮ್ಮನ ಹಾಗೆ ಪುಟದಿಂದ ಪುಟಕ್ಕೆ ನಡೆದೇ ಹೋಗಬೇಕು.

ಅಂಥ ಮಾತುಗಳು ತುಂಬಿರುವ ಒಂದು ಅಧ್ಯಾಯ ರೋಮಾಪುರದವರಿಗೆ ಪೌಲನು ಬರೆದ ಪತ್ರದ ಹನ್ನೆರಡನೆಯದು. ಕ್ರಿ.ಶ. 57ರ ಸುಮಾರಿಗೆ, ಕೊರಿಂಥದಲ್ಲಿ ಕುಳಿತು ಬರೆಸಿದ ಪತ್ರ. ಆಗಿನ್ನೂ ಪೌಲ ರೋಮನ್ನು ಕಂಡಿರಲಿಲ್ಲ. ಅಲ್ಲಿ ಯೆಹೂದ್ಯರೂ ಇದ್ದರು, ಬೇರೆ ಜನಾಂಗದವರೂ ಇದ್ದರು. ಏನು ತಿನ್ನಬೇಕು, ಯಾವ ದಿನ ಆಚರಿಸಬೇಕು ಎಂದು ಒಬ್ಬರನ್ನೊಬ್ಬರು ತೂಗಿನೋಡುತ್ತಿದ್ದರು. 1809ರಲ್ಲಿ ದಂಡು ಬಂದು ಇಳಿದ ಮೇಲೆ ಬೆಳೆದ ನಮ್ಮ ಕಂಟೋನ್ಮೆಂಟೂ ಹಾಗೇ, ನಾನಾ ಕಡೆಯವರು ಬಂದು ಸೇರಿದ ಊರು. ಶಿವಾಜಿನಗರದಲ್ಲಿ 1882ರಿಂದ ನಿಂತಿರುವ ಸಂತ ಮೇರಿ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುತ್ತದೆ. ಸೆಪ್ಟೆಂಬರ್ 8ರ ತೇರಿಗೆ ಎಲ್ಲ ಮತದವರೂ ಬರುತ್ತಾರೆ. ಒಟ್ಟಿಗೆ ಇರುವುದು ನಮಗೆ ಹೊಸದಲ್ಲ. ಒಟ್ಟಿಗಿದ್ದೂ ಮನಸ್ಸು ಹಳೆಯದಾಗಿಯೇ ಉಳಿಯುವುದು ನಮ್ಮ ಕಷ್ಟ.

ಆ ಅಧ್ಯಾಯದ ಎರಡನೆಯ ವಚನದಲ್ಲಿ ಪೌಲ ಹೇಳುವುದು ಇದನ್ನೇ: ಲೋಕದ ಅಚ್ಚಿಗೆ ಒಗ್ಗಿಹೋಗಬೇಡಿ, ಮನಸ್ಸು ಹೊಸದಾಗಿ ನೀವೇ ಬೇರೆಯಾಗಿರಿ ಎಂದು. ಮೂಲದ ಗ್ರೀಕ್ ಕ್ರಿಯಾಪದ ಒಮ್ಮೆ ಆಗಿ ಮುಗಿದುಹೋಗುವ ಕೆಲಸವನ್ನು ಹೇಳುವುದಿಲ್ಲ. ಆಗುತ್ತಲೇ ಇರುವುದನ್ನು ಹೇಳುತ್ತದೆ. ನಾವೇ ಮಾಡಿಕೊಳ್ಳುವ ಕೆಲಸವೂ ಅದಲ್ಲ, ನಮ್ಮಲ್ಲಿ ಆಗಗೊಡಬೇಕಾದದ್ದು. ಬೆಟ್ಟದ ಮೇಲೆ ಶಿಷ್ಯರ ಕಣ್ಣೆದುರು ಯೇಸುವಿನ ರೂಪ ಬೆಳಗಿದ್ದನ್ನು ಹೇಳಲು ಮಾರ್ಕನು ಬಳಸಿದ್ದೂ ಇದೇ ಪದವನ್ನು.

ಕನ್ನಡದ ಒಂದು ಪದವನ್ನೂ ಇಲ್ಲಿ ನೆನೆಯಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಬೆಂಗಳೂರಿನಲ್ಲಿದ್ದ ಬೆಂಜಮಿನ್ ರೈಸ್ ಮೊದಲಾದವರು ಅದನ್ನು ಮತ್ತೆ ತಿದ್ದಿದರು. ಹೀಗೆ ಬೆಳೆದುಬಂದ ನಮ್ಮ ಬೈಬಲ್ ಭಾಷೆಯಲ್ಲಿ ‘ಮಾನಸಾಂತರ’ ಎಂಬ ಮಾತಿದೆ. ಪಶ್ಚಾತ್ತಾಪವೆಂದರೆ ಆಗಿಹೋದದ್ದಕ್ಕೆ ಬೇಯುವುದು. ಮಾನಸಾಂತರವೆಂದರೆ ಮನಸ್ಸು ಇದ್ದ ಜಾಗದಿಂದ ಕದಲಿ ಬೇರೆ ಕಡೆ ನಿಲ್ಲುವುದು. ಎಷ್ಟು ಸರಿಯಾದ ಮಾತು ಅನ್ನಿಸುತ್ತದೆ ನನಗೆ!

ಅದನ್ನು ನಾನು ಕಣ್ಣಾರೆ ಕಂಡದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ಬೆಂಗಳೂರಿನ ಪೂರ್ವ ಭಾಗದಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಕಾವೇರಿ ಐದನೇ ಹಂತದ ನೀರಿಗೆ ಚಾಲನೆ ಸಿಕ್ಕಿದ್ದು ಆಮೇಲೆ, ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಟ್ಯಾಂಕರೇ ಗತಿ. ಫೋನ್ ಮಾಡಿದರೆ ನಾಳೆ ಅನ್ನುವರು, ನಾಳೆ ಕೇಳಿದರೆ ನಾಡಿದ್ದು. ಒಂದು ದಿನ ಬೆಳಗಿನ ಜಾವ ನಮಗೆ ಅರ್ಧ ಸಂಪು ನೀರು ಸಿಕ್ಕಿತು. ಪಕ್ಕದ ಮನೆಯವರಿಗೆ ಸಿಗಲಿಲ್ಲ. ಕಾಂಪೌಂಡ್ ಗೋಡೆಯ ವಿಷಯಕ್ಕೆ ಅವರಿಗೂ ನಮಗೂ ಎರಡು ವರ್ಷದಿಂದ ಮಾತಿರಲಿಲ್ಲ.

ಅಮ್ಮ ಪುಸ್ತಕ ಮುಚ್ಚಿ, ಕನ್ನಡಕ ತೆಗೆದಿಟ್ಟು, ಗೇಟಿನ ಹತ್ತಿರ ಹೋಗಿ ಕೂಗಿದರು: “ಏನ್ರೀ, ಕೊಡ ತಗೊಂಡು ಬನ್ನಿ.”

“ನಮಗೇ ಸಾಲದಲ್ಲಮ್ಮಾ,” ಅಂದೆ.

“ಈಗ ತಾನೇ ಓದಿದೀನಿ ಕಣೋ. ಹೇಗೆ ಸುಮ್ನಿರ್ಲಿ?”

ಆವತ್ತು ಅವರ ಬೆರಳು ಬಂದು ನಿಂತದ್ದು ಅದೇ ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ. ವೈರಿ ಹಸಿದಿದ್ದರೆ ಊಟಕ್ಕಿಕ್ಕಬೇಕು, ಬಾಯಾರಿದ್ದರೆ ಕುಡಿಯಲು ಕೊಡಬೇಕು ಎನ್ನುವ ಇಪ್ಪತ್ತನೆಯ ವಚನ. ಮನಸ್ಸು ಹೊಸದಾಗಲಿ ಎಂದು ಎರಡನೆಯ ವಚನದಲ್ಲಿ ಶುರುಮಾಡಿದ ಪೌಲ ಇಪ್ಪತ್ತಕ್ಕೆ ಬರುವಷ್ಟರಲ್ಲಿ ನಮ್ಮನ್ನು ನೀರಿನ ಮುಂದೆ ತಂದು ನಿಲ್ಲಿಸಿರುತ್ತಾನೆ. ನಾನು ಆ ಅಧ್ಯಾಯವನ್ನು ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ಸ್ಪಷ್ಟವಾಗಿ ಓದಿದವನು. ಆದರೂ ಆ ಬೆಳಿಗ್ಗೆ ಬಕೆಟ್ಟಿಗೆ ನನ್ನ ಕೈ ಏಳಲಿಲ್ಲ. ಅಮ್ಮನೇ ಬಗ್ಗಿ ಸಂಪಿನಿಂದ ಸೇದಿದರು. ಮೂರನೆಯ ಕೊಡಕ್ಕೆ ಅವರು ಸೊಂಟ ಹಿಡಿದುಕೊಂಡಾಗ ನಾನು ಹಗ್ಗ ಇಸಿದುಕೊಂಡೆ.

ಗೋಡೆಯ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮರುದಿನ ಬೆಳಿಗ್ಗೆ ಪಕ್ಕದ ಮನೆಗೂ ಟ್ಯಾಂಕರ್ ಬಂತು. ಸ್ವಲ್ಪ ಹೊತ್ತಿಗೆ ಆ ಮನೆಯಾಕೆ ಮೂರು ಕೊಡ ತುಂಬಿಸಿ ತಂದು ನಮ್ಮ ಮೆಟ್ಟಿಲ ಮೇಲಿಟ್ಟು, “ನಿಮ್ಮ ನೀರು, ಅಮ್ಮಾ” ಅಂದರು. ಒಳಗೆ ಹಾಲು ಕಾಯುತ್ತಿತ್ತು. ಅಮ್ಮ ಹದಿಮೂರನೆಯ ಅಧ್ಯಾಯಕ್ಕೆ ಬಂದಿದ್ದರು.