ಗುಡ್ಡ ಉಳಿದರೆ ನೀರು, ನೀರು ಉಳಿದರೆ ನಾವು

ಅಕ್ಕ ತಂಗಿಯರೇ, ತಾಯಂದಿರೇ,

ನಾವು ಮಲೆನಾಡಿನ ಹೆಣ್ಣುಮಕ್ಕಳು. ನಿಮ್ಮ ಹಾಗೇ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಇವತ್ತು ನಮ್ಮ ಗುಡ್ಡದ ಮಾತು ಹೇಳ್ತೇವೆ. ಕೇಳಿ.

ನಮ್ಮೂರ ಗುಡ್ಡದ ಬುಡದಲ್ಲಿ ಒಂದು ಒರತೆ ಇದೆ. ನಮ್ಮ ಅತ್ತೆಯರ ಕಾಲದಲ್ಲಿ ಅದು ಬತ್ತಿದ್ದೇ ಇಲ್ಲ. ಈಗ ಶಿವರಾತ್ರಿ ಕಳೆಯೋದರೊಳಗೆ ಒಣಗುತ್ತದೆ. ಆಮೇಲೆ ಕೊಡ ಹೊತ್ತು ದೂರ ನಡೆಯುವವರು ಯಾರು? ನಾವೇ. ನಮಗೆ ಸೊಂಟ ನೋವು. ಮಗಳಿಗೆ ಶಾಲೆ ತಪ್ಪುತ್ತದೆ.

ಒರತೆ ಯಾಕೆ ಬತ್ತಿತು?

ಕಾಡು ಅಂದರೆ ಹತ್ತಿಯ ಹಾಸಿಗೆ ಇದ್ದ ಹಾಗೆ. ಮಳೆಯ ಪೆಟ್ಟನ್ನು ಎಲೆ ತಡೆಯುತ್ತದೆ. ತರಗೆಲೆ ನೀರು ಹೀರುತ್ತದೆ. ಬೇರಿನ ದಾರಿ ಹಿಡಿದು ನೀರು ನೆಲಕ್ಕೆ ಇಳಿಯುತ್ತದೆ. ಅದೇ ನೀರು ಬೇಸಿಗೆಯಲ್ಲಿ ಒರತೆಯಾಗಿ ಬರುತ್ತದೆ. ಬೆಟ್ಟದ ಹುಲ್ಲುಗಾವಲೂ ಇದೇ ಕೆಲಸ ಮಾಡುತ್ತದೆ. ಕಾವೇರಿ, ತುಂಗೆ, ಭದ್ರೆ, ಶರಾವತಿ ಎಲ್ಲ ಹುಟ್ಟೋದು ಪಶ್ಚಿಮ ಘಟ್ಟದಲ್ಲಿ. ಮಂಡ್ಯದ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಘಟ್ಟದ ನೀರೇ ಬೇಕು.

ಕಾಡು ಹೋದರೆ ನೀರು ಇಂಗೋದಿಲ್ಲ. ಮಣ್ಣು ಕೊಚ್ಚಿ ಹೊಳೆ ಸೇರುತ್ತದೆ.

ಮಳೆಯೂ ಬದಲಾಗಿದೆ. ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ. ಬಿಸಿ ಗಾಳಿ ಹೆಚ್ಚು ನೀರು ಹಿಡಿದಿಡುತ್ತದೆ. ಆಮೇಲೆ ಒಮ್ಮೆಲೇ ಸುರಿಯುತ್ತದೆ. ರಸ್ತೆಗೆ, ಮನೆಗೆ ಅಂತ ಗುಡ್ಡವನ್ನು ನೆಟ್ಟಗೆ ಕಡಿದಿದ್ದರೆ, ಆ ಮಳೆಗೆ ಗುಡ್ಡ ನಿಲ್ಲೋದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಹೀಗೇ ಗುಡ್ಡಗಳು ಜಾರಿದವು. ಮನೆ, ಕಾಫಿ ತೋಟ, ಗದ್ದೆ ಮಣ್ಣಿನ ಪಾಲಾದವು. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ನಸುಕಿನಲ್ಲೇ ಗುಡ್ಡ ಕುಸಿಯಿತು. ಮಲಗಿದ್ದವರು ಏಳಲಿಲ್ಲ. 200ಕ್ಕೂ ಹೆಚ್ಚು ಜನ ಸತ್ತರು.

ಆದ್ದರಿಂದ ಈ ಗುರುತು ನೆನಪಿಡಿ:

ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು.
ಮರ, ಕಂಬ ವಾಲುವುದು.
ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು.
ಗುಡ್ಡದ ಒಳಗಿಂದ ಸದ್ದು.

ಇವು ಕಂಡರೆ ಕಾಯಬೇಡಿ. ಮಕ್ಕಳು, ಮುದುಕರನ್ನು ಕರಕೊಂಡು ಹೊರಡಿ. ಪಾತ್ರೆ ಪಗಡಿ ಆಮೇಲೆ ತರಬಹುದು. ಜೀವ ತರೋಕೆ ಆಗೋದಿಲ್ಲ.

ನಮ್ಮ ಕೈಲಿ ಏನಾಗುತ್ತದೆ ಅಂತೀರಾ? 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಕೊಡಲಿ ನಿಂತಿತು. ಅದೇ ಅಪ್ಪಿಕೋ ಚಳವಳಿ. ಉಳಿಸು, ಬೆಳೆಸು, ಬಳಸು ಅಂತ ಅವರು ಹೇಳಿದರು. ಅಲ್ಲಿ ಹೆಂಗಸರೂ ಇದ್ದರು.

ನಾವೂ ಶುರು ಮಾಡಿದ್ದೇವೆ. ಒರತೆಯ ಮೇಲ್ಭಾಗದಲ್ಲಿ ಹಲಸು, ನೇರಳೆ, ಹೊಂಗೆ ನೆಟ್ಟಿದ್ದೇವೆ. ತರಗೆಲೆ ಗುಡಿಸಿ ಸುಡೋದು ಬಿಟ್ಟಿದ್ದೇವೆ. ಇಂಗು ಗುಂಡಿಯನ್ನು ಸಮತಟ್ಟು ಜಾಗದಲ್ಲೇ ತೆಗೆಯುತ್ತೇವೆ. ಕಡಿದಾದ ಇಳಿಜಾರಿನಲ್ಲಿ ತೆಗೆದರೆ ಗುಡ್ಡವೇ ಸಡಿಲವಾದೀತು.

ಇನ್ನೊಂದು ಮಾತು. ಹಿಂದೆ ಗ್ರಾಮಸಭೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಅದರಲ್ಲಿ ಏನಿದೆ ಅಂತ ತಿಳೀತಿರಲಿಲ್ಲ. ಈಗ ಓದುತ್ತೇವೆ. ಗುಡ್ಡ ಅಗೆಯುವ ಮಾತಿದ್ದರೆ ಎದ್ದು ಕೇಳುತ್ತೇವೆ. ಸರಿ ಅನಿಸಿದರೆ ಮಾತ್ರ ಸಹಿ ಹಾಕುತ್ತೇವೆ.

ನೀವೂ ಓದಿ. ನೀವೂ ಕೇಳಿ.