ಬಿಟ್ಟು ಬಂದ ಮನೆಯ ಬಗ್ಗೆ ಎರಡು ಮಾತು

(ಕೋಪರಿಯಲ್ಲಿ ಸಂಘದ ಯುವ ವಿಭಾಗವು ಉದ್ಯೋಗಾರ್ಥಿಗಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ವಹಿಸಿರುವ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಸಂದರ್ಶನದಲ್ಲಿ ‘ಈಗಿರುವ ಕೆಲಸವನ್ನು ಏಕೆ ಬಿಡುತ್ತಿದ್ದೀರಿ?’ ಎಂದು ಕೇಳಿದಾಗ ಏನು ಉತ್ತರ ಕೊಡಬೇಕು? ಮೇಜಿನ ಈಚೆಗೆ ಕುಳಿತು ಈ ಪ್ರಶ್ನೆಗೆ ಉತ್ತರಿಸಿದ್ದೇನೆ. ಆಚೆಗೆ ಕುಳಿತು ಇದನ್ನೇ ಹಲವು ಬಾರಿ ಕೇಳಿಯೂ ಇದ್ದೇನೆ. ಎರಡೂ ಕಡೆಗಳಲ್ಲಿ ತಪ್ಪು ಮಾಡಿದ್ದೇನೆ. ಮಾತನಾಡುವ ಅಧಿಕಾರ ನನಗೆ ಬಂದಿರುವುದು ಆ ತಪ್ಪುಗಳಿಂದಲೇ.

ಹೊರನಾಡಿಗರಾದ ನಮಗೆ ‘ಬಿಡುವುದು’ ಹೊಸ ಅನುಭವವಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲು ಬಂದು ನಿಂತದ್ದು ನಮ್ಮ ಈ ಥಾಣೆಯಲ್ಲಿ. ಅಂದಿನಿಂದ ಈ ನಿಲ್ದಾಣದಲ್ಲಿ ಇಳಿದವರೆಲ್ಲ ಯಾವುದನ್ನೋ ಬಿಟ್ಟು ಇಳಿದವರೇ. ಊರನ್ನು ಏಕೆ ಬಿಟ್ಟೆ ಎಂದು ಕೇಳಿದರೆ ನಾವು ನಿರಾತಂಕವಾಗಿ ಹೇಳುತ್ತೇವೆ: ಮಳೆ ಇರಲಿಲ್ಲ, ಹೊಲ ಪಾಲಾಯಿತು, ಕೆಲಸವಿರಲಿಲ್ಲ. ಕೆಲಸವನ್ನು ಏಕೆ ಬಿಟ್ಟೆ ಎಂದೊಡನೆ ಮಾತ್ರ ಅದೇ ನಾಲಿಗೆ ತಡವರಿಸುತ್ತದೆ. ಅನ್ನ ಕೊಟ್ಟ ಧಣಿಯನ್ನು ಬಿಟ್ಟು ಹೋಗುವುದು ದ್ರೋಹವೆಂಬ ಭಾವನೆ ನಮ್ಮ ರಕ್ತದಲ್ಲಿಯೇ ಇದೆ. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದವರು.

1992ರಲ್ಲಿ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಬಂದಿಳಿದದ್ದು ಇದೇ ಕೋಪರಿಯ ಚಾಳಿನಲ್ಲಿದ್ದ ಸೋದರಮಾವನ ಮನೆಗೆ. ಮಾಮ ಹದಿನೇಳು ವರ್ಷ ಗಿರಣಿ ಕಾರ್ಮಿಕನಾಗಿದ್ದವನು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ತಿಂಗಳುಗಳು ಉರುಳಿ ವರ್ಷ ಕಳೆದರೂ ಬೇಡಿಕೆ ಈಡೇರಲಿಲ್ಲ. ಸಾವಿರಾರು ಜನರಿಗೆ ಮರಳಿ ಕೆಲಸ ಸಿಗಲೇ ಇಲ್ಲ. ಮಾಮ ಅವರಲ್ಲಿ ಒಬ್ಬ. ಆಮೇಲೆ ಕೆಲಸ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ಗಿರಣಿ ಏಕೆ ಬಿಟ್ಟೆ?’ ಮುಷ್ಕರದಲ್ಲಿದ್ದೆ ಎಂದರೆ ಬಾಗಿಲು ಮುಚ್ಚುತ್ತಿತ್ತು. ಆರೋಗ್ಯ ಸರಿಯಿರಲಿಲ್ಲ ಎಂದರೆ ರೋಗಿಷ್ಠನೆಂದು ಕಳಿಸುತ್ತಿದ್ದರು. ಕೊನೆಗೆ ಒಂದು ಹೌಸಿಂಗ್ ಸೊಸೈಟಿಯ ಕಾವಲುಗಾರನಾದ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನು ಹೇಳಿದ ಮಾತು ನನಗಿನ್ನೂ ನೆನಪಿದೆ: “ನಾ ಎಲ್ಲಿ ಬಿಟ್ಟೇನೋ ತಮ್ಮಾ, ಗಿರಣೀನ ನನ್ನ ಬಿಟ್ಟು ಹೋತು. ಆದರ ಹಂಗ ಹೇಳಿದ್ರ ಯಾರೂ ಬರಕೊಳ್ಳೂದಿಲ್ಲ.”

ಆ ಪ್ರಶ್ನೆಯಲ್ಲಿರುವ ಅಸಮಾನತೆಯನ್ನು ನಾನು ಮೊದಲು ಅರಿತದ್ದು ಅಂದು. ‘ಏಕೆ ಬಿಟ್ಟೆ’ ಎನ್ನುವಾಗಲೇ ಬಿಟ್ಟವನು ಕಾರ್ಮಿಕನೆಂದು ತೀರ್ಮಾನವಾಗಿರುತ್ತದೆ. ಬಾಗಿಲು ಹಾಕಿದವನನ್ನು ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲ.

ನನ್ನ ಸರದಿ 1994ರಲ್ಲಿ ಬಂದಿತು. ಆಗ ಇಲ್ಲಿಯ ಒಂದು ಖಾಸಗಿ ರಾಸಾಯನಿಕ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದಿದ್ದೆ. ಸಂಬಳ ತಡವಾಗುತ್ತಿತ್ತು, ಪಾಳಿಯ ಲೆಕ್ಕ ಸರಿಯಿರುತ್ತಿರಲಿಲ್ಲ. ಕೇಂದ್ರ ಸರ್ಕಾರದ ಹುದ್ದೆಯ ಸಂದರ್ಶನದಲ್ಲಿ ಈ ಪ್ರಶ್ನೆ ಬಂದೊಡನೆ ಎರಡು ವರ್ಷದ ಸಿಟ್ಟನ್ನು ಐದು ನಿಮಿಷದಲ್ಲಿ ಕಾರಿಬಿಟ್ಟೆ. ಮಂಡಳಿಯ ಅಧ್ಯಕ್ಷರು ಶಾಂತವಾಗಿ ಕೇಳಿ, “ಮುಂದೆ ನಮ್ಮನ್ನು ಬಿಟ್ಟು ಹೋಗುವಾಗ ನಮ್ಮ ಬಗ್ಗೆ ಎಷ್ಟು ನಿಮಿಷ ಮಾತನಾಡುತ್ತೀರಿ?” ಎಂದರು. ನಾನು ಬೆವತುಹೋದೆ. ಬಳಿಕ ಬೇರೆ ದಾರಿ ಕಾಣದೆ ನಿಜವನ್ನು ಹೇಳಿದೆ: “ಸಂಬಳ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಊರಿಗೆ ಹಣ ಕಳಿಸಬೇಕು. ಕಲಿತ ವಿಷಯದ ಕೆಲಸ ಅಲ್ಲಿ ಕಡಿಮೆ, ಇಲ್ಲಿ ಹೆಚ್ಚು.” ಐದು ನಿಮಿಷದ ಮಾತು ಕೆಡಿಸಿದ್ದನ್ನು ಎರಡು ವಾಕ್ಯಗಳು ಉಳಿಸಿದವು ಎಂದೇ ನಾನು ನಂಬಿದ್ದೇನೆ.

ಬಿಡುವುದನ್ನು ಗೌರವದಿಂದ ಬಿಟ್ಟವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು. ಹಲವು ಹಿರಿಯರನ್ನು ದಾಟಿ ಬಡ್ತಿ ಪಡೆದರೂ, ಪರಕೀಯ ಆಡಳಿತದಲ್ಲಿ ತುತ್ತತುದಿಯ ಹುದ್ದೆ ಭಾರತೀಯನಿಗೆ ದೊರೆಯುವ ಸಂಭವ ಕಡಿಮೆಯೆಂದು ಕಂಡು 1908ರಲ್ಲಿ ತಾವಾಗಿಯೇ ನಿವೃತ್ತರಾದರು. ಮರುವರ್ಷ ಮೈಸೂರು ಸಂಸ್ಥಾನ ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆದಾಗ ಅವರು ಒಮ್ಮೆಲೇ ಒಪ್ಪಲಿಲ್ಲ. ದೊಡ್ಡ ಕಾರ್ಯಗಳನ್ನು ಕೈಗೊಳ್ಳುವ ಉದ್ದೇಶ ಸರ್ಕಾರಕ್ಕೆ ಇದೆಯೇ ಎಂದು ಮೊದಲು ವಿಚಾರಿಸಿಕೊಂಡರು. ಎಂದರೆ, ಅಭ್ಯರ್ಥಿಯೇ ಮಾಲೀಕನನ್ನು ಸಂದರ್ಶಿಸಿದ! ಮುಂದೆ ದಿವಾನಗಿರಿಯನ್ನು ಬಿಟ್ಟದ್ದು, ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದಾಗ. ಆ ವಿಷಯದಲ್ಲಿ ನನ್ನ ಒಲವು ಮಹಾರಾಜರ ಕಡೆಗೇ. ಆದರೆ ಕಾರಣವನ್ನು ಕಾರಣವೆಂದೇ ಹೇಳಿ ಹೊರಬಂದ ರೀತಿಯನ್ನು ಒಪ್ಪಲೇಬೇಕು. ಮಾಸ್ತಿಯವರೂ ಅಷ್ಟೆ. ಮೈಸೂರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದವರು, ತಮಗೆ ಸಲ್ಲಬೇಕಾದ ಸ್ಥಾನ ಕಿರಿಯರಿಗೆ ಹೋದಾಗ ಸೇವೆಯಿಂದ ಹೊರಬಂದರು; ಉಳಿದ ದೀರ್ಘಾಯುಷ್ಯವನ್ನು ಸಾಹಿತ್ಯಕ್ಕೆ ಕೊಟ್ಟರು.

ಇವರೆಲ್ಲ ದೊಡ್ಡವರು, ಅವರ ಮಾತನ್ನು ಲೋಕ ಕೇಳುತ್ತದೆ, ನಮ್ಮಂಥವರ ಗತಿಯೇನು ಎಂದು ನೀವು ಕೇಳಬಹುದು. ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯನ್ನು ಓದಿ. 1979ರಲ್ಲಿ ಬಂದ ಆ ಕೃತಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಿಗೆ ಒಳಗಾದವನು. ಚಿತ್ತಾಲರೂ ಈ ನಗರದ ಉದ್ಯಮದಲ್ಲಿ ದುಡಿದವರೇ. ಫೈಲಿನಲ್ಲಿರುವ ಮನುಷ್ಯನೂ ಮನೆಯಲ್ಲಿರುವ ಮನುಷ್ಯನೂ ಬೇರೆಬೇರೆ ಎನ್ನುವುದನ್ನು ಅದನ್ನು ಓದಿದ ಮೇಲೆ ಸಂದರ್ಶನ ಮಂಡಳಿಯಲ್ಲಿ ಕುಳಿತವನು ಮರೆಯಬಾರದು.

ನಾನು ಮರೆತೆ. ಆ ಸಂಗತಿಯನ್ನು ಈಗ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ತಾಂತ್ರಿಕ ಹುದ್ದೆಯೊಂದರ ಆಯ್ಕೆ ಮಂಡಳಿಯಲ್ಲಿ ನಾನಿದ್ದೆ. ಬಂದವನು ಡೊಂಬಿವಲಿಯಲ್ಲಿ ಬೆಳೆದ ಕನ್ನಡದ ಹುಡುಗ. ವಿಷಯಜ್ಞಾನ ಚೆನ್ನಾಗಿತ್ತು. ಹಿಂದಿನ ಕೆಲಸ ಏಕೆ ಬಿಟ್ಟೆ ಎಂದಾಗ ‘ಉತ್ತಮ ಅವಕಾಶಕ್ಕಾಗಿ’ ಎಂದ. ಯಾರೋ ಹೇಳಿಕೊಟ್ಟ ಉತ್ತರವೆಂದು ನನಗೆ ಗೊತ್ತಾಯಿತು. ಇನ್ನೊಬ್ಬ ಸದಸ್ಯರು, “ಬಿಟ್ಟು 14 ತಿಂಗಳಾಯಿತಲ್ಲ, ಆ ಅವಕಾಶ ಎಲ್ಲಿದೆ?” ಎಂದರು. ಹುಡುಗ ತಲೆ ತಗ್ಗಿಸಿದ. ‘ಪ್ರಾಮಾಣಿಕತೆ ಸಾಲದು’ ಎಂದು ಅವನ ಹಾಳೆಯ ಮೇಲೆ ಬರೆಯಲಾಯಿತು.

ನಾನೊಂದು ಪ್ರಶ್ನೆ ಕೇಳಬಹುದಿತ್ತು. ‘ಮನೆಯಲ್ಲಿ ಏನಾದರೂ ತೊಂದರೆ ಇತ್ತೇನಪ್ಪಾ?’ ಎಂದರೆ ಸಾಕಿತ್ತು. ಬೇರೆ ಯಾವ ಅಭ್ಯರ್ಥಿಗಾದರೂ ಕೇಳುತ್ತಿದ್ದೆ. ಅವನು ಕನ್ನಡಿಗ, ನಾನೂ ಕನ್ನಡಿಗ. ತನ್ನವನನ್ನು ಎತ್ತಿ ಹಿಡಿದನೆಂದು ಪಕ್ಕದವರು ಭಾವಿಸಿಯಾರೆಂಬ ಅಂಜಿಕೆಯಿಂದ ಬಾಯಿ ಮುಚ್ಚಿ ಕುಳಿತೆ. ನಿಷ್ಪಕ್ಷಪಾತವೆಂದು ಅಂದು ನನಗೆ ನಾನೇ ಹೇಳಿಕೊಂಡೆ. ಕೆಲವು ತಿಂಗಳ ಮೇಲೆ ಸಂಘದ ಕಾರ್ಯಕ್ರಮವೊಂದರಲ್ಲಿ ಅವನ ತಂದೆ ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತರು. ನಾನು ಆ ಮಂಡಳಿಯಲ್ಲಿದ್ದೆನೆಂದು ಅವರಿಗೆ ತಿಳಿಯದು. ಹೆಂಡತಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದ್ದಾಗ, ತನ್ನ ಕೆಲಸ ಹೋದರೆ ಮನೆಯೇ ಹೋಗುವುದೆಂದು ಮಗನೇ ನೌಕರಿ ಬಿಟ್ಟು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದನೆಂದು ಹೇಳಿದರು. “ಸಂದರ್ಶನದಾಗ ಮನೀ ಕಷ್ಟ ಹೇಳಬಾರದು, ದಯಾ ಬೇಡಿದಂಗ ಆಗ್ತದ ಅಂತ ನಾನ ಹೇಳಿ ಕಳಿಸಿದ್ದೆ ಸರ್” ಎಂದರು. ಎಲೆಯ ಮೇಲಿನ ಅನ್ನ ನನಗೆ ಇಳಿಯಲಿಲ್ಲ.

ಯುವಮಿತ್ರರೇ, ಆ ಹುಡುಗನಿಗೆ ಇಂದು ಬೇರೆಡೆ ಕೆಲಸವಿದೆ. ಆದರೆ ಅವನಿಗೆ ಯಾರೂ ಹೇಳದಿದ್ದ ಮಾತುಗಳನ್ನು ನಿಮಗಾದರೂ ಹೇಳುವುದು ನನ್ನ ಋಣ.

ಮೊದಲನೆಯದು, ಮಂಡಳಿ ಈ ಪ್ರಶ್ನೆಯಿಂದ ತಿಳಿಯಬಯಸುವುದು ಮೂರು ಸಂಗತಿ: ಇವನು ನಮ್ಮನ್ನೂ ಬೇಗ ಬಿಡುವನೇ, ಎಲ್ಲಿ ಹೋದರೂ ಜಗಳವಾಡುವನೇ, ಬಾಯಿಮಾತಿಗೂ ಕಾಗದಕ್ಕೂ ತಾಳೆಯಿದೆಯೇ. ನಿಮ್ಮ ಉತ್ತರ ಈ ಮೂರನ್ನೂ ಮುಟ್ಟಬೇಕು.

ಎರಡನೆಯದು, ನಿಜವಾದ ಕಾರಣವನ್ನೇ ಚಿಕ್ಕದಾಗಿ ಹೇಳಿ. ತಾಯಿಯ ಕಾಯಿಲೆಯೆಂದರೆ ದಯೆ ಬೇಡಿದಂತಲ್ಲ. ಈಗ ಆ ಹೊಣೆ ಹೇಗೆ ನಿಭಾಯಿಸುತ್ತಿದ್ದೀರಿ ಎಂಬುದನ್ನೂ ಜೊತೆಗೆ ಹೇಳಿದರೆ ಅದು ಉತ್ತರವಾಗುತ್ತದೆ. ಕಾರ್ಖಾನೆ ಮುಚ್ಚಿದ್ದರೆ ಮುಚ್ಚಿತೆನ್ನಿ. ಅದರ ನೋಟಿಸಿನ ಪ್ರತಿ ಇರಲಿ. ಸಂಬಳ ಕೊಡದಿದ್ದರೆ ಎಷ್ಟು ತಿಂಗಳು ಎಂಬುದನ್ನಷ್ಟೇ ಹೇಳಿ, ವಿಶೇಷಣಗಳನ್ನು ಬಿಟ್ಟುಬಿಡಿ. ಜಂತೆ ಎಣಿಸಬಾರದೆಂಬ ಗಾದೆ ಉಂಡವರಿಗೆ. ದುಡಿದೂ ಉಣ್ಣದೆ ಎದ್ದವರಿಗೆ ಅದು ಅನ್ವಯಿಸದು. ಹಳೆಯ ಮಾಲೀಕ ಪಕ್ಕದಲ್ಲಿ ಕುಳಿತಿದ್ದರೂ ಅದೇ ಮಾತನ್ನು ಆಡಬಲ್ಲಿರಾದರೆ ಉತ್ತರ ಸರಿಯಾಗಿದೆ ಎಂದರ್ಥ.

ಮೂರನೆಯದು, ಯಾವ ಕೆಲಸವನ್ನೂ ಬಚ್ಚಿಡಬೇಡಿ. 2014ರಿಂದ ಭವಿಷ್ಯನಿಧಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಬಂದಿದೆ. ಎಲ್ಲಿ ಸೇರಿದಿರಿ, ಎಲ್ಲಿ ಬಿಟ್ಟಿರಿ ಎಂಬುದೆಲ್ಲ ಅದರಡಿ ದಾಖಲಾಗುತ್ತದೆ. ರಿಲೀವಿಂಗ್ ಲೆಟರ್ ಪಡೆಯದೆ ಹೊರಬರಬೇಡಿ. ಸರ್ಕಾರಿ ನೌಕರರಾಗಿದ್ದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವವರು ಮೇಲಧಿಕಾರಿಗಳ ಮೂಲಕವೇ ಅರ್ಜಿ ಕಳಿಸಿ, ಅನುಮತಿ ಪಡೆದೇ ರಾಜೀನಾಮೆ ಕೊಡಿ. ಇಲ್ಲವಾದರೆ ಹಿಂದಿನ ಸೇವೆಯೇ ಲೆಕ್ಕದಿಂದ ಹೋದೀತು.

ಕೊನೆಯದು, ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎಂದು ಅವರು ಕೇಳಿದಾಗ, ‘ಈ ಹುದ್ದೆ ಹೇಗೆ ತೆರವಾಯಿತು?’ ಎಂದು ವಿನಯದಿಂದ ಕೇಳಿ. ಹಿಂದಿನವರು ಏಕೆ ಬಿಟ್ಟರೆಂದು ತಿಳಿಯುವ ಹಕ್ಕು ನಿಮಗೂ ಇದೆ. ನನ್ನ ಮಾಮನಿಗೆ ಅದನ್ನು ಕೇಳುವ ಧೈರ್ಯ ಕೊಡುವವರು ಇರಲಿಲ್ಲ.

ಇನ್ನು ಹಿರಿಯರಲ್ಲಿ ಒಂದು ವಿನಂತಿ. ನಮ್ಮಲ್ಲಿ ಹಲವರು ಈಗ ಮೇಜಿನ ಆಚೆ ಕುಳಿತಿದ್ದೇವೆ. ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ, ಹೋಟೆಲುಗಳ ಗಲ್ಲೆಯಲ್ಲಿ. ನಮ್ಮವನೆಂದು ಯಾರಿಗೂ ಹೆಚ್ಚು ಅಂಕ ಕೊಡಬೇಕಾಗಿಲ್ಲ. ನಮ್ಮವನೆಂಬ ಕಾರಣಕ್ಕೆ ಕೇಳಬೇಕಾದ ಪ್ರಶ್ನೆಯನ್ನು ನುಂಗಿಕೊಳ್ಳಲೂಬೇಡಿ. ಎದುರಿಗಿರುವವನು ಮರಾಠಿಗನಿರಲಿ, ಬಿಹಾರಿಯಿರಲಿ, ಕನ್ನಡಿಗನಿರಲಿ, ಮೊದಲ ಉತ್ತರ ಪೊಳ್ಳೆನಿಸಿದರೆ ಎರಡನೆಯದನ್ನು ಕೇಳುವಷ್ಟು ವ್ಯವಧಾನ ನಮಗಿರಲಿ.